ಸಂದರ್ಶನ ಕಲಿಸುವ ಗುರುಗಳಿಗೆ ಉಜ್ಜಿನಿಯ ಸೋದರಮಾವನ ಬಹಿರಂಗ ಪತ್ರ

ಬೆಂಗಳೂರಿನ ವಿಜಯನಗರದಲ್ಲಿ ಸಂದರ್ಶನದ ತರಬೇತಿ ಕೊಡುವ ಗುರುಗಳಿಗೆ, ವಿಜಯನಗರ ಜಿಲ್ಲೆ ಕೊಟ್ಟೂರು ತಾಲೂಕಿನ ಉಜ್ಜಿನಿಯಿಂದ ಶರಣು ಶರಣಾರ್ಥಿ.

ನಮ್ಮ ಅಕ್ಕನ ಮಗ ತಮ್ಮಲ್ಲಿ ತಯಾರಾಗಿ ಊರಿಗೆ ಬಂದಿದ್ದಾನೆ. ‘ಇನ್ನೊಂದು ರೊಟ್ಟಿ ಹಾಕಲೇನೋ?’ ಎಂದು ಅವರವ್ವ ಕೇಳಿದರೆ ‘ಒಳ್ಳೆಯ ಪ್ರಶ್ನೆ, ಧನ್ಯವಾದಗಳು’ ಅನ್ನುತ್ತಾನೆ. ದೌರ್ಬಲ್ಯವೇನೆಂದು ಕೇಳಿದರೆ ‘ಕೆಲಸ ಹಿಡಿದರೆ ಊಟದ ನೆನಪೇ ಇರುವುದಿಲ್ಲ’ ಎನ್ನಬೇಕೆಂದು ಕಲಿಸಿದ್ದೀರಂತೆ. ಪರೀಕ್ಷಿಸೋಣವೆಂದು ಮೆಕ್ಕೆಜೋಳ ಮುರಿಯಲು ಹೊಲಕ್ಕೆ ಕರೆದೊಯ್ದೆ. ಹನ್ನೊಂದಕ್ಕೇ ಬುತ್ತಿ ಬಿಚ್ಚಿದ.

ಇನ್ನು ಐದು ವರ್ಷಕ್ಕೆ ತಾನು ಎಲ್ಲಿರುತ್ತೇನೆ ಎಂಬುದಕ್ಕೂ ಅವನಲ್ಲಿ ಉತ್ತರ ಸಿದ್ಧವಿದೆ. ಗುರುಗಳೇ, ನಮ್ಮದೇ ಜಿಲ್ಲೆಯ ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ದಿನಗಟ್ಟಲೆ ಉಪವಾಸವಿದ್ದು, ಬಿಲ್ಲೇರಿ, ‘ಸದ್ದಲೇ’ ಎಂದು ಲಕ್ಷಾಂತರ ಜನರ ಬಾಯಿ ಮುಚ್ಚಿಸಿ, ಒಂದೇ ಮಾತಿನ ಭವಿಷ್ಯ ನುಡಿದು ಮೇಲಿಂದ ಬೀಳುತ್ತಾನೆ. ಆ ಕಾರ್ಣಿಕಕ್ಕೂ ಒಂದೇ ವರ್ಷದ ವಾಯಿದೆ! ಈ ಹುಡುಗ ಹೊಟ್ಟೆ ತುಂಬ ಉಂಡು ಐದು ವರ್ಷದ್ದು ನುಡಿಯುತ್ತಿದ್ದಾನೆ.

ನಿಮ್ಮ ವಿದ್ಯೆಯ ಮೇಲೆ ಸರಕಾರಕ್ಕೇ ನಂಬಿಕೆ ಉಳಿದ ಹಾಗಿಲ್ಲ. ಕೇಂದ್ರದವರು 2016ರ ಜನವರಿಯಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕಿತ್ತುಹಾಕಿದರು. ನಮ್ಮ ಕೆಪಿಎಸ್‌ಸಿಯ 2011ರ ಸಾಲಿನ 362 ಹುದ್ದೆಗಳ ಕತೆ ತಮಗೆ ತಿಳಿಯದ್ದೇನಲ್ಲ. ಸಂದರ್ಶನದ ಅಂಕದಲ್ಲೇ ಅಕ್ರಮವೆಂಬ ಆರೋಪ ಬಂತು, ಸಿಐಡಿ ಬಂತು. 2014ರಲ್ಲಿ ಸರಕಾರ ಪಟ್ಟಿ ರದ್ದು ಮಾಡಿತು, 2016ರಲ್ಲಿ ಆಡಳಿತ ನ್ಯಾಯಮಂಡಳಿ ಕೆಎಟಿ ಆ ಪಟ್ಟಿಯನ್ನೇ ಎತ್ತಿ ಹಿಡಿಯಿತು, 2018ರಲ್ಲಿ ಹೈಕೋರ್ಟು ಹೊಡೆದುಹಾಕಿತು, 2022ರಲ್ಲಿ ಶಾಸನಸಭೆ ಕಾಯ್ದೆ ಮಾಡಿ ಬದುಕಿಸಿತು. ಅರ್ಧ ಗಂಟೆ ಮಾತಾಡಿ ಎದ್ದುಬಂದವರಿಗೆ ಫಲಿತಾಂಶ ಗಟ್ಟಿಯಾಗಲು ಹತ್ತಿರ ಹತ್ತಿರ ಒಂದು ದಶಕ! ಇದನ್ನು ಎದುರಿಸಲು ಕುರ್ಚಿಯಲ್ಲಿ ಹೇಗೆ ಕೂರಬೇಕು, ಅದನ್ನೂ ಸ್ವಲ್ಪ ಹೇಳಿಕೊಡಿ. ಆಗ 200 ಇದ್ದ ಸಂದರ್ಶನದ ಅಂಕ ಈಗ 25ಕ್ಕೆ ಇಳಿದಿದೆ. ನಿಮ್ಮ ಫೀಸು ಮಾತ್ರ ಇಳಿಯುವ ಲಕ್ಷಣವಿಲ್ಲ.

ಟೈ, ಬೂಟು, ಅಳತೆಯ ನಗೆ ಎಲ್ಲ ಸರಿಯಾಗಿಯೇ ಕೂಡಿಸಿದ್ದೀರಿ. ಆದರೆ ‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬುದು ನಮ್ಮ ಕಡೆಯ ಮಾತು. ಮರುಳಸಿದ್ಧೇಶ್ವರನ ಗುಡಿಯ ಒಳಗಿನ ಕೆತ್ತನೆ ಕಂಡವರು ಹೇಳಿದ್ದು. ನೀವು ಉಜ್ಜಿನಿ ಹುಡುಗನನ್ನು ಪೂರಾ ಹಂಪಿ ಮಾಡಿ ಕಳಿಸಿದ್ದೀರಿ. ಮಾದರಿ ಸಂದರ್ಶನದಲ್ಲಿ ‘ಉಜ್ಜಿನಿ ಅಂದರೆ ಮಹಾಕಾಲೇಶ್ವರನ ಊರಲ್ಲವೇ?’ ಎಂದು ನಿಮ್ಮವರು ಕೇಳಿದಾಗ, ಸಂದರ್ಶಕರ ಮಾತು ತೆಗೆದುಹಾಕಬಾರದೆಂಬ ನಿಮ್ಮ ಪಾಠ ನೆನೆದು ‘ಹೌದು ಸರ್’ ಅಂದನಂತೆ. ವೀರಶೈವ ಪಂಚಪೀಠಗಳಲ್ಲಿ ಒಂದಿರುವ ಊರನ್ನು ಒಂದೇ ಏಟಿಗೆ ಮಧ್ಯಪ್ರದೇಶಕ್ಕೆ ಬರೆದುಕೊಟ್ಟು ಬಂದಿದ್ದಾನೆ. ಅದಕ್ಕೆ ನೀವು ಪೂರ್ಣಾಂಕ ಕೊಟ್ಟಿದ್ದೀರಿ.

ಕೊನೆಗೊಂದು ಲೆಕ್ಕದ ಮಾತು. ಜಾತ್ರೆಯಲ್ಲಿ ಜರಿಮಲೆ ಪಾಳೇಗಾರರ ಮನೆತನದಿಂದ ಎಣ್ಣೆ ತಂದು ಗುಡಿಯ ಶಿಖರಕ್ಕೇ ಎರೆಯುವ ಊರು ನಮ್ಮದು. ಎತ್ತರದಲ್ಲಿರುವವರ ನೆತ್ತಿಗೆ ಎಣ್ಣೆ ಎರೆಯುವುದನ್ನು ನಮ್ಮ ಹುಡುಗನಿಗೆ ಬೇರೆ ಕಲಿಸಬೇಕಿತ್ತೇ? ಆ ಒಂದು ಪಾಠದ ಫೀಸನ್ನಾದರೂ ವಾಪಸು ಕಳಿಸಿಕೊಡಿ.

ಇಂತಿ,
ಅಭ್ಯರ್ಥಿಯ ಸೋದರಮಾವ, ಫೀಸು ಕಟ್ಟಿದವ