ಆರು ಒಂಬತ್ತುಗಳ ಆಚೆ

ದಶಾಂಶರಾಯರು ಎಂಬುದು ಬಡಾವಣೆಯವರು ಇಟ್ಟ ಹೆಸರು. ಬ್ಯಾಂಕಿನಿಂದ ನಿವೃತ್ತರಾದವರು ವಾಕಿಂಗ್, ವಿಷ್ಣುಸಹಸ್ರನಾಮ, ಷೇರುಪೇಟೆ, ಇವುಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಇವರು ಪೈ ಹಿಡಿದರು. ಮೂರು ಪಾಯಿಂಟ್ ಆದಮೇಲೆ ಸಾವಿರ ಅಂಕಿ ಬಾಯಿಪಾಠ.

"ಮಂಗಳೂರಲ್ಲಿ ಬೆಳೆದ ರಾಜನ್ ಮಹದೇವನ್, 1981ರ ಜುಲೈ 5ನೇ ತಾರೀಖು, ಅದೇ ಊರಲ್ಲಿ 31,811 ಅಂಕಿ ಹೇಳಿ ಗಿನ್ನೆಸ್ ಪುಸ್ತಕ ಸೇರಿದ್ರು, ಗೊತ್ತೇನ್ರಿ?" ಎಂದೇ ಮಾತು ಶುರು. ಗೊತ್ತು ಎಂದರೂ ಬಿಡುಗಡೆಯಿಲ್ಲ. ಮುಂದಿನದು 2015ರಲ್ಲಿ ವೆಲ್ಲೂರಿನಲ್ಲಿ ರಾಜವೀರ್ ಮೀನಾ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು 70,000 ಹೇಳಿದ ಕಥೆ. ಸುಮಾರು ಹತ್ತು ಗಂಟೆ ಹಿಡಿಯಿತಂತೆ. ರಾಯರೂ ಒಮ್ಮೆ ಟವೆಲ್ ಕಟ್ಟಿಕೊಂಡು ಕೂತರು, ಊಟಕ್ಕೆ ಎಬ್ಬಿಸಬೇಕಾಯಿತು.

ಗಣಿತಪ್ರೇಮವೇ? ಅದೊಂದು ಆರೋಪ ರಾಯರ ಮೇಲಿಲ್ಲ. ಮನೆಯ ಸಂಪಿಗೆ ದುಂಡು ಮುಚ್ಚಳ ಮಾಡಿಸುವಾಗ ಸುತ್ತಳತೆ ಎಷ್ಟು ಎಂದು ಮೇಸ್ತ್ರಿ ಕೇಳಿದ. ರಾಯರು ಅಂಕಿ ಹೇಳುತ್ತಲೇ ಇದ್ದರು. ಅವನು ದಾರ ಸುತ್ತಿ ಅಳೆದು ಹೋದ. ಗ್ರಹಗಳಿಗೆ ನೌಕೆ ಕಳಿಸುವ ನಾಸಾದವರಿಗೇ ಹದಿನೈದು ದಶಾಂಶ ಸಾಕು ಎಂದು ಯಾರೋ ಹೇಳಿದರೆ, "ಅವರಿಗೆ ಪುರಸೊತ್ತಿಲ್ಲ ಪಾಪ" ಎನ್ನುತ್ತಾರೆ. ನೆನಪಿಟ್ಟುಕೊಳ್ಳುವ ದಾರಿಯೂ ಸ್ವಂತದ್ದು. 37ನೇ ಸ್ಥಾನದಿಂದ 1971 ಬರುತ್ತದೆ, ಅದು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ. ಗಣಿತದಲ್ಲಿ ಬಂದ 35 ಇನ್ನೂ ಮೊದಲೇ, ಒಂಬತ್ತು-ಹತ್ತನೇ ಸ್ಥಾನದಲ್ಲಿದೆ.

ತೊಡಕು ಒಂದೇ. ರಾಯರು ಹೇಳಿದ್ದು ಸರಿಯೋ ತಪ್ಪೋ ಕೇಳುವವರಿಗೆ ತಿಳಿಯದು. ತಪ್ಪು ಹಿಡಿಯುವವರಿಲ್ಲದ ಮೇಲೆ ಸರಿಯಾಗಿ ಹೇಳಿ ಏನು ಸುಖ? ಹೀಗಾಗಿ ಜೇಬಿನಲ್ಲಿ ಅಂಕಿಗಳ ಜೆರಾಕ್ಸ್ ಇರುತ್ತದೆ. ಮದುವೆಮನೆಯಲ್ಲಿ ಎಲೆ ಹಾಕುವ ಮುನ್ನ ಪಕ್ಕದವರ ಕೈಗೆ ಕೊಟ್ಟು "ಬೆರಳಿಟ್ಕೊಂಡು ನೋಡ್ತಾ ಇರಿ" ಎನ್ನುತ್ತಾರೆ. ಎಷ್ಟೋ ಜನ ಎರಡನೇ ಪಂಕ್ತಿಗೆ ಎದ್ದು ಹೋಗಿದ್ದಾರೆ, ಹಸಿದುಕೊಂಡೇ.

ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ ಮಾರ್ಚ್ 14 ಪೈ ದಿನವಾಗಿ, ಈಗ ನಮ್ಮ ಶಾಲೆಗಳಿಗೂ ಬಂದಿದೆ. ಪಕ್ಕದ ಬೀದಿಯ ಶಾಲೆಯವರು ರಾಯರನ್ನೇ ಮುಖ್ಯ ಅತಿಥಿಯಾಗಿ ಕರೆದರು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ತಡವರಿಸದೆ ಮುನ್ನೂರು ಅಂಕಿ ಹೇಳಿದಾಗ ರಾಯರ ಮುಖ ಸ್ವಲ್ಪ ಬಾಡಿತು. ತಮ್ಮ ಸರದಿ ಬಂದಾಗ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಹೊರಟರು. ನೂರು, ಮುನ್ನೂರು, ಏಳುನೂರು. 762ನೇ ಸ್ಥಾನದಿಂದ ಸಾಲಾಗಿ ಆರು ಒಂಬತ್ತುಗಳು ಬರುತ್ತವೆ. ಅಲ್ಲಿಯವರೆಗೆ ಕಲಿತು "ಒಂಬತ್ತು, ಒಂಬತ್ತು, ಹೀಗೇ ಮುಂದಕ್ಕೆ" ಎಂದು ಮುಗಿಸಿಬಿಡಬಹುದೆಂಬ ಹಳೆಯ ತಮಾಷೆ ಭೌತವಿಜ್ಞಾನಿ ಫೈನ್‌ಮನ್ ಹೆಸರಿನಲ್ಲಿದೆ. ಸಭೆಗೆ ಆ ತಮಾಷೆ ಗೊತ್ತಿರಲಿಲ್ಲ, ಆದರೂ ಹಾಗೇ ನಡೆದುಕೊಂಡಿತು. ಆರನೇ ಒಂಬತ್ತಿಗೆ ರಾಯರು ಉಸಿರು ತೆಗೆದುಕೊಂಡದ್ದೇ ತಡ, ಯಜ್ಞ ಪೂರ್ತಿಯಾಯಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಹಣ್ಣಿನ ಬುಟ್ಟಿ ಬಂತು, ಶಾಲು ಬಂತು, ಯಾರೋ ಮೈಕ್ ತೆಗೆದುಕೊಂಡರು.

ಹಾರ ಹಾಕಲು ಬಂದ ಹೆಡ್‌ಮಿಸ್ ಕಡೆ ಬಗ್ಗಿ ರಾಯರು "ಎಂಟು!" ಎಂದರು.

"ಅಯ್ಯೋ, ಅಷ್ಟು ಹೊತ್ತು ಆಗಲ್ಲ ಸಾರ್, ಏಳೂವರೆಗೆಲ್ಲಾ ಮುಗಿಸ್ತೀವಿ."