ಕಟ್ಟೆಯ ಮೇಲಿನ ಉಗಿಬಂಡಿಯ ಭಕ್ತರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಹಳೆಯ ಉಗಿ ಎಂಜಿನ್ನನ್ನು ಸಿಮೆಂಟ್ ಕಟ್ಟೆಗೆ ಏರಿಸಿ, ಸುತ್ತ ಸರಪಳಿ ಬಿಗಿದು, ಗಣ್ಯರು ಬರುವ ಹಿಂದಿನ ದಿನ ಕಪ್ಪು ಬಣ್ಣ ಹೊಡೆಸಿ, ಪರಂಪರೆ ಉಳಿಯಿತೆಂದು ನೆಮ್ಮದಿಯಿಂದಿರುವ ತಮಗೆಲ್ಲ ಗೊರೂರಿನಿಂದ ನಮಸ್ಕಾರ. ನಮ್ಮೂರಿಗೆ ರೈಲು ಬಂದಿಲ್ಲ. ಹತ್ತಬೇಕೆಂದರೆ ಹಾಸನಕ್ಕೋ ಹೊಳೆನರಸೀಪುರಕ್ಕೋ ಹೋಗಬೇಕು. ಹಾಗಾಗಿ ಈ ವಿಷಯದಲ್ಲಿ ನಮಗೆ ಸ್ವಾರ್ಥವೇನೂ ಇಲ್ಲ. ಆದರೆ ಸತ್ತದ್ದನ್ನು ಪ್ರೀತಿಸುವುದರಲ್ಲಿ ಒಂದಿಷ್ಟು ಪಳಗಿದವರು ನಾವು. ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಶೆಟ್ಟಿಹಳ್ಳಿಯ ಚರ್ಚು ಹಿನ್ನೀರಿನ ಪಾಲಾಯಿತು. ಅಲ್ಲಿ ಪೂಜೆ ನಡೆಯುತ್ತಿದ್ದಾಗ ಇಲ್ಲದ ಜನಜಂಗುಳಿ ಈಗಿದೆ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳಿಗೆ ಗೋಡೆ ಬಿದ್ದಷ್ಟೂ ಹಿನ್ನೆಲೆ ಚೆಂದ. ತಮ್ಮ ಎಂಜಿನ್ನಿಗೂ ಅದೇ ಯೋಗ ಕೂಡಿಬರುತ್ತಿರುವುದನ್ನು ಕಂಡು ಸಂತೋಷವಾಗಿ ಈ ಪತ್ರ.

ಅಣೆಕಟ್ಟು ಮುಗಿದ 1979ರಲ್ಲೇ ಮೈಸೂರಿನಲ್ಲಿ ರೈಲು ವಸ್ತುಸಂಗ್ರಹಾಲಯ ತೆರೆಯಿತು; ಹಾಸನ–ಮಂಗಳೂರು ಮೀಟರ್ ಗೇಜ್ ಹಾದಿಯೂ ಅದೇ ವರ್ಷ ಪೂರ್ತಿಯಾಯಿತು. ಆ ಹಾದಿಯನ್ನು ತೊಂಬತ್ತರ ದಶಕದಲ್ಲಿ ಮುಚ್ಚಿ, ಬ್ರಾಡ್ ಗೇಜ್ ಮಾಡಿ, 2007ರ ಕೊನೆಗೆ ಪ್ರಯಾಣಿಕರಿಗೆ ಬಿಟ್ಟುಕೊಟ್ಟರು. ಮೀಟರ್ ಗೇಜ್ ಕಾಲದ ಎಂಜಿನ್ನುಗಳಲ್ಲಿ ಬಹುಪಾಲು ಗುಜರಿಗೆ ಹೋದವು. ಮೈಸೂರಿನ ಸಂಗ್ರಹಾಲಯ ಇಲ್ಲದಿದ್ದರೆ ಮಹಾರಾಣಿಯವರ ಸಲೂನ್ ಬೋಗಿಯೂ ಹಳೆಯ ನ್ಯಾರೋಗೇಜ್ ಎಂಜಿನ್ನೂ ತೂಕಕ್ಕೆ ಬಿಕರಿಯಾಗುತ್ತಿದ್ದವೋ ಏನೋ. ಕಬ್ಬಿಣವನ್ನು ಉಳಿಸಿದ ಪುಣ್ಯ ದೊಡ್ಡದು, ಅದರಲ್ಲಿ ತಕರಾರಿಲ್ಲ. ನನ್ನ ಅರಿಕೆ ಆಮೇಲಿನದು: ನಿಂತ ಎಂಜಿನ್ನು ಉಳಿಯುವುದೇ ಇಲ್ಲ, ನಿಧಾನವಾಗಿ ಹೋಗುತ್ತದೆ, ಅಷ್ಟೆ. ಬಾಯಿ ತೆರೆದ ಚಿಮಣಿಯಿಂದ ಮಳೆನೀರು ಇಳಿದು, ಒಳಗೆ ಉಳಿದ ಬೂದಿಯ ಜೊತೆ ಕಲೆತು, ತಳದ ತಗಡನ್ನು ತಿನ್ನುತ್ತದೆ. ಬಾಯ್ಲರಿನ ಹೊರಹೊದಿಕೆಯ ಸಂದಿಗೆ ಇಳಿದ ತೇವ ಬೇಸಿಗೆಯಲ್ಲೂ ಆರುವುದಿಲ್ಲ. ಹಿತ್ತಾಳೆಯ ನಲ್ಲಿ, ಹಿಡಿ, ಮೀಟರುಗಳು ಒಂದೊಂದಾಗಿ ಯಾರದೋ ಚೀಲ ಸೇರುತ್ತವೆ. ಹೊರಗಿನ ಬಣ್ಣ ಮಾತ್ರ ಫಳಫಳ. ಟೆಂಡರು ಕರೆಯುವುದೂ ಅದಕ್ಕೇ ತಾನೆ?

ಕಬ್ಬಿಣಕ್ಕಿಂತ ಬೇಗ ಸವೆಯುವುದು ವಿದ್ಯೆ. ತಣ್ಣಗಿರುವ ಎಂಜಿನ್ನಿಗೆ ಬೆಂಕಿ ಹಾಕಿದರೆ ಹೊರಡಲು ಹಲವು ಗಂಟೆ ಬೇಕು. ಅವಸರ ಮಾಡಿದರೆ ತಗಡು ಒಂದೇ ಸಮನೆ ಹಿಗ್ಗದೆ ಕೊಳವೆಗಳ ಬುಡ ಸೋರುತ್ತದೆ. ಕಲ್ಲಿದ್ದಲನ್ನು ಎಲ್ಲಿಗೆ ಎಷ್ಟು ಎಸೆಯಬೇಕೆಂದು ಫೈರ್‌ಮನ್‌ಗೆ ಉರಿಯ ಬಣ್ಣ ಹೇಳುತ್ತದೆ. ಏರು ಹತ್ತುವಾಗ ಗೇಜ್ ಗ್ಲಾಸಿನಲ್ಲಿ ತೋರುವ ನೀರಿನ ಮಟ್ಟ ಇಳಿಜಾರಿಗೆ ಬಂದಾಗ ಬೇರೆಯೇ ಆಗುವುದು ಅವನಿಗೆ ಗೊತ್ತು. ಇದನ್ನು ಕಟ್ಟೆಯ ಮುಂದಿನ ಫಲಕದಲ್ಲಿ ಬರೆಯಬಹುದು, ಕಲಿಸಲಾಗದು. ಭಾರತದಲ್ಲಿ ಬ್ರಾಡ್ ಗೇಜಿನ ಉಗಿಬಂಡಿಗಳ ದಿನನಿತ್ಯದ ಓಡಾಟ 1995ಕ್ಕೆ ನಿಂತಿತು. ಅಂದು ಸಲಿಕೆ ಹಿಡಿದವರಲ್ಲಿ ಉಳಿದವರಿಗೆ ಈಗ ಮೊಮ್ಮಕ್ಕಳು. ಕಲಿಯುವವರು ಸಿಗಬೇಕಾದದ್ದು ಈಗ.

‘ಕಲಿಯುವವರು ಯಾರು, ಇದೆಲ್ಲ ಬಿಟ್ಟಿ ಕೆಲಸ’ ಎನ್ನುವಿರಿ. ವೇಲ್ಸಿನ ತಾಲಿಲಿನ್ ಎಂಬ ಪುಟ್ಟ ರೈಲ್ವೆಯ ಮಾಲೀಕರು 1950ರಲ್ಲಿ ತೀರಿಕೊಂಡಾಗ ಅದಕ್ಕೂ ಕೊನೆ ಬಂತೆಂದೇ ಎಲ್ಲರೂ ತಿಳಿದಿದ್ದರು. ಹುಚ್ಚು ಹತ್ತಿದ ಒಂದು ಗುಂಪು ಸಂಘ ಕಟ್ಟಿ, 1951ರ ಬೇಸಿಗೆಯಲ್ಲಿ ಗಾಡಿ ಓಡಿಸಿಯೇಬಿಟ್ಟಿತು. ಸಂಬಳದ ಕೆಲವರು, ಸಂಬಳವಿಲ್ಲದ ಬಹಳ ಮಂದಿ ಸೇರಿ ಇಂದಿಗೂ ಅದನ್ನು ನಡೆಸುತ್ತಿದ್ದಾರೆ. ‘ಅದು ವೇಲ್ಸ್, ನಮ್ಮಲ್ಲಿ ಅಂಥ ಅಭ್ಯಾಸವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತೇರು ಎಳೆಯುವ ಜಿಲ್ಲೆಯಲ್ಲಿ ಕೂತು ಈ ಮಾತು ಹೇಳಲು ಧೈರ್ಯ ಬೇಕು. ಟನ್ನುಗಟ್ಟಲೆ ತೂಗುವ ಮರದ ರಥ. ವರ್ಷಕ್ಕೊಂದು ದಿನ ಓಡುತ್ತದೆ, ಉಳಿದ ದಿನ ಬಿಡಾರದಲ್ಲಿ. ಆ ಒಂದು ದಿನಕ್ಕಾಗಿ ಬಡಗಿ ಬಂದು ಅಚ್ಚು ನೋಡುತ್ತಾನೆ, ಗಾಲಿಗೆ ಎಣ್ಣೆ ಬೀಳುತ್ತದೆ, ಹಗ್ಗ ಹೊಸದಾಗುತ್ತದೆ. ಉರುಳುವ ಗಾಲಿಗೆ ಮರದ ತುಂಡು ಅಡ್ಡ ಕೊಟ್ಟು ತೇರನ್ನು ಬೀದಿಯ ತಿರುವಿನಲ್ಲಿ ಹೊರಳಿಸುವವನ ಕಣ್ಣಳತೆ ಅಪ್ಪನಿಂದ ಮಗನಿಗೆ ಬಂದದ್ದು. ಹಗ್ಗಕ್ಕೆ ಕೈ ಹಚ್ಚಿದವರ್ಯಾರೂ ದಿನಭತ್ಯೆ ಕೇಳಿದ್ದಿಲ್ಲ. ತೇರನ್ನೂ ಕಟ್ಟೆಗೆ ಏರಿಸಿ ಸರಪಳಿ ಕಟ್ಟಿ ಎಂದು ಹೇಳಿ ನೋಡಿ, ಊರು ಏನನ್ನುತ್ತದೆಂದು!

ಬಾಯ್ಲರ್ ಸಿಡಿದರೆ ಯಾರು ಹೊಣೆ ಎಂಬ ಆಕ್ಷೇಪ ಮಾತ್ರ ತಮಾಷೆಯದಲ್ಲ. ಬಾಯ್ಲರ್ ಅಪಾಯಕಾರಿ ಹೌದು. ಅದನ್ನು ತಿಳಿದವರೇ ಅದನ್ನು ಕಟ್ಟಿದ್ದು. ಬೆಂಕಿಗೂಡಿನ ಮೇಲ್ಛಾವಣಿಯಲ್ಲಿ ಸೀಸ ತುಂಬಿದ ಬಿರಡೆ ಇರುತ್ತದೆ. ನೀರು ಅದರ ಕೆಳಗೆ ಇಳಿದರೆ ಸೀಸ ಕರಗಿ, ಉಗಿ ಬುಸುಗುಟ್ಟುತ್ತ ಉರಿಯ ಮೇಲೆಯೇ ಸುರಿದು ಎಚ್ಚರಿಸುತ್ತದೆ. ಸೇಫ್ಟಿ ವಾಲ್ವ್ ಇದೆ. ಮೊದಲು ತಣ್ಣೀರಿನ ಒತ್ತಡದಲ್ಲಿ, ಆಮೇಲೆ ಉಗಿಯಲ್ಲಿ ಪರೀಕ್ಷಿಸುವ ಪದ್ಧತಿ ಇದೆ. ಆ ಪರೀಕ್ಷೆಯ ಸಹಿ ಇಲಾಖೆಯದೇ ಇರಲಿ, ನಡೆಸುವ ಡ್ರೈವರೂ ಇಲಾಖೆಯವನೇ ಇರಲಿ. ಬೂದಿ ಬಾಚುವುದು, ಕೊಳವೆ ಉಜ್ಜುವುದು, ಎಣ್ಣೆ ಹಾಕುವುದು, ಬಂದವರಿಗೆ ವಿವರಿಸುವುದು ಸ್ವಯಂಸೇವಕರಿಗೆ ಬಿಡಿ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಪರೀಕ್ಷೆಗಾಗಿ ಓದಿದ ಉಗಿಯಿಂದ ಒಮ್ಮೆ ಕೈ ಸುಡಿಸಿಕೊಂಡರೆ ವಿದ್ಯೆಗೆ ನಷ್ಟವಿಲ್ಲ. ಹೊಗೆಯ ಚಿಂತೆಯೇ? ಶನಿವಾರ ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೊರಟ ಕಾರುಗಳ ಸಾಲನ್ನು ನೋಡಿ ಬಂದು ಆ ಮಾತಾಡೋಣ. ಇನ್ನು ಮೀಟರ್ ಗೇಜ್ ಹಳಿ ಎಲ್ಲಿದೆ ಎನ್ನುವಿರಾದರೆ, ಅರ್ಧ ಮೈಲಿ ಹಾಸಿದರೂ ಎಂಜಿನ್ನು ಹಿಂದೆ ಮುಂದೆ ಓಡುತ್ತದೆ. ತೇರಿಗೂ ರಥಬೀದಿ ಅಷ್ಟೇ ಇರುವುದು.

‘ಇಷ್ಟು ವರ್ಷ ನಿಂತದ್ದು ಮತ್ತೆ ಓಡೀತೆ’ ಎಂಬ ಸಂಶಯಕ್ಕೆ ಫೇರಿ ಕ್ವೀನ್ ಉತ್ತರ ಕೊಟ್ಟಾಗಿದೆ. 1855ರ ಆ ಎಂಜಿನ್ನು 1909ರಲ್ಲಿ ನಿವೃತ್ತಿಯಾಗಿ, ದಶಕಗಟ್ಟಲೆ ನಿಂತು, ದೆಹಲಿಯ ಸಂಗ್ರಹಾಲಯವನ್ನೂ ಸೇರಿ, 1997ರಲ್ಲಿ ಮತ್ತೆ ಹಳಿಗೆ ಇಳಿದು ದೆಹಲಿಯಿಂದ ಅಲ್ವರ್‌ಗೆ ಪ್ರವಾಸಿಗರನ್ನು ಕರೆದೊಯ್ದಿತು. ಅದನ್ನು ಓಡಿಸಿದ್ದು ರೈಲ್ವೆಯೇ, ಅಂದರೆ ತಮ್ಮವರೇ. ಓಡಿಸಲು ಬರುವುದಿಲ್ಲ ಎನ್ನುವ ನೆಪ ತಮಗೆ ಉಳಿದಿಲ್ಲ. ಜನರನ್ನು ಒಳಗೆ ಬಿಟ್ಟುಕೊಳ್ಳಲು ಮನಸ್ಸಿಲ್ಲ ಎನ್ನುವುದೊಂದು ಉಳಿದಿದೆ. ಸರಪಳಿಯ ಹೊರಗಿರುವ ತನಕ ಜನ ಪ್ರವಾಸಿಗರು. ಒಳಗೆ ಬಂದು ಸ್ಪ್ಯಾನರ್ ಹಿಡಿದರೆ ಪ್ರಶ್ನೆ ಕೇಳುತ್ತಾರೆ, ಲೆಕ್ಕ ಕೇಳುತ್ತಾರೆ. ತಮ್ಮ ಸಂಕಟ ಅರ್ಥವಾಗುತ್ತದೆ.

ಇಷ್ಟಾದ ಮೇಲೂ ಕಟ್ಟೆಯೇ ಸರಿ ಎನ್ನುವುದಾದರೆ, ಮುಂದಿನ ಬಣ್ಣದ ಟೆಂಡರಿನಲ್ಲಿ ಚಿಮಣಿಯ ಬಾಯಿಗೆ ಒಂದು ತಗಡಿನ ಮುಚ್ಚಳವನ್ನೂ ಸೇರಿಸಬೇಕಾಗಿ ಕೋರಿಕೆ. ಮುಂಗಾರಿಗೆ ಮುಂಚೆ ಆದರೆ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಗೊರೂರಿನ ಒಬ್ಬ ನಾಗರಿಕ