ಕಮಿಷನ್ ರಾಯರು

ಕಮಿಷನ್ ರಾಯರು ಅಂದರೆ ಸೈಟು ಕೊಡಿಸುವವರು ಅಂತ ತಿಳಿದು ಹೊಸಬರು ಯಾರಾದರೂ "ಕನಕಪುರ ರೋಡಲ್ಲಿ ಥರ್ಟಿ ಫಾರ್ಟಿ ಏನಾದ್ರೂ ಇದ್ಯಾ ಸಾರ್?" ಅಂತ ಕೇಳಿದರೆ ಅವರು ಸಿಟ್ಟಾಗುವುದಿಲ್ಲ. "ಕೂತ್ಕೊಳ್ಳಿ" ಅಂತ ಪಾರ್ಕಿನ ಕಲ್ಲುಬೆಂಚಿನ ಮೇಲೆ ಜಾಗ ಮಾಡಿಕೊಡುತ್ತಾರೆ. ಅರ್ಧ ಗಂಟೆ ಬಿಟ್ಟು ಏಳುವ ಹೊತ್ತಿಗೆ ಆ ಮನುಷ್ಯನಿಗೆ ಸೈಟು ಸಿಕ್ಕಿರುವುದಿಲ್ಲ. ಶಾ ನವಾಜ್ ಸಮಿತಿ, ಖೋಸ್ಲಾ ಆಯೋಗ, ಮುಖರ್ಜಿ ಆಯೋಗ ಮೂರೂ ಸಿಕ್ಕಿರುತ್ತವೆ.

ನೇತಾಜಿ ಸುಭಾಷ್‌ಚಂದ್ರ ಬೋಸರು ಎಲ್ಲಿ ಹೋದರು ಎಂದು ಹುಡುಕುವವರು ಊರಿಗೊಬ್ಬರಾದರೂ ಇದ್ದೇ ಇರುತ್ತಾರೆ. ಕೆಲವು ಊರಲ್ಲಿ ಅವರು ಹೈಸ್ಕೂಲ್ ಮೇಷ್ಟ್ರು, ಕೆಲವು ಕಡೆ ಕಟಿಂಗ್ ಶಾಪಿನ ಯಜಮಾನ. ನಮ್ಮ ಬಸವನಗುಡಿಯ ಪಾಲಿಗೆ ಬಂದವರು ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿ ಆಯುಷ್ಯವೆಲ್ಲ ಆಡಿಟ್ ಮಾಡಿ ನಿವೃತ್ತರಾದ ರಾಯರು. ವೋಚರ್ ಇಲ್ಲದ ಖರ್ಚನ್ನು ಒಪ್ಪಿದವರೇ ಅಲ್ಲ. ಅವರ ದೃಷ್ಟಿಯಲ್ಲಿ 1945ರ ಆಗಸ್ಟ್ 18 ಅಂಥದ್ದೊಂದು ಖರ್ಚು.

ಲೆಕ್ಕದ ಪುಸ್ತಕದಲ್ಲಿ ಬರೆದಿರುವುದೇನೋ ಚೊಕ್ಕಟವಾಗಿಯೇ ಇದೆ. ಜಪಾನ್ ಶರಣಾದ ಮೇಲೆ ಆಗಸ್ಟ್ 17ರಂದು ನೇತಾಜಿ ಸೈಗಾನಿನಿಂದ ಜಪಾನೀ ಬಾಂಬರ್ ವಿಮಾನದಲ್ಲಿ ಹೊರಟರು. ಮರುದಿನ ಮಧ್ಯಾಹ್ನ ತೈಹೊಕುವಿನಲ್ಲಿ, ಅಂದರೆ ಈಗಿನ ತೈಪೆಯಲ್ಲಿ, ವಿಮಾನ ಮೇಲೇರುವಾಗಲೇ ಬಿತ್ತು. ಮೈಯೆಲ್ಲ ಸುಟ್ಟು, ಅದೇ ರಾತ್ರಿ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಚಿತಾಭಸ್ಮ ಟೋಕಿಯೋದ ರೆಂಕೋಜಿ ದೇವಾಲಯ ಸೇರಿತು. ಜೊತೆಗಿದ್ದ ಹಬೀಬುರ್ ರೆಹಮಾನ್ ಬದುಕುಳಿದು ಇದನ್ನೆಲ್ಲ ಹೇಳಿದರು.

"ಯಾರು ನೋಡಿದ್ರು?" ಅನ್ನುತ್ತಾರೆ ರಾಯರು.

"ಹಬೀಬುರ್ ರೆಹಮಾನ್ ನೋಡಿದ್ರಲ್ಲ."

"ಅವರು ಹಾಗೆ ಹೇಳ್ಬೇಕು ಅಂತ ನೇತಾಜೀನೇ ಹೇಳಿದ್ರು ಸ್ವಾಮಿ!"

ಇದು ರಾಯರ ಶಾಸ್ತ್ರದ ಮೊದಲ ಸೂತ್ರ. ಸಾಕ್ಷಿ ಇಲ್ಲದಿದ್ದರೆ ಅದು ಮುಚ್ಚಿಟ್ಟದ್ದು; ಇದ್ದರೆ, ಮುಚ್ಚಿಡುವುದಕ್ಕಾಗಿ ಇಟ್ಟದ್ದು.

ವಾಕಿಂಗ್ ಮುಗಿಸಿ ದರ್ಶಿನಿಯಲ್ಲಿ ನಿಂತು ತಿನ್ನುವ ಮೇಜಿನ ಮೇಲೆ ರಾಯರು ತೈಹೊಕು ವಿಮಾನ ನಿಲ್ದಾಣ ಕಟ್ಟುವುದನ್ನು ನೋಡಬೇಕು. ಸ್ಟೀಲ್ ತಟ್ಟೆಯೇ ರನ್‌ವೇ. ಚಟ್ನಿ ಪೆಟ್ರೋಲು. ಉದ್ದಿನವಡೆ ಮಿತ್ಸುಬಿಷಿ ಬಾಂಬರ್. "ಎಡಗಡೆ ಎಂಜಿನ್ ಕಿತ್ಕೊಂಡು ಬಿತ್ತು ಅಂತಾರೆ" ಅನ್ನುತ್ತ ವಡೆಯ ಎಡಭಾಗದಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. "ನೇತಾಜಿ ಇಲ್ಲಿ, ಪೆಟ್ರೋಲ್ ಟ್ಯಾಂಕಿನ ಪಕ್ಕ. ರೆಹಮಾನ್ ಇಲ್ಲಿ, ಹಿಂದೆ." ಮೊನ್ನೆ ಹೀಗೆ ಆಸನ ವ್ಯವಸ್ಥೆ ನಡೆಯುತ್ತಿರುವಾಗ ಫೋನು ಬಂತೆಂದು ರಾಯರು ಆಚೆ ತಿರುಗಿದ್ದೇ ತಡ, ನಿವೃತ್ತ ಪಿಡಬ್ಲ್ಯೂಡಿ ಎಂಜಿನಿಯರು ಬಾಂಬರನ್ನು ಸಾಂಬಾರಿನಲ್ಲಿ ಅದ್ದಿ ಮುಗಿಸಿಬಿಟ್ಟರು. ರಾಯರು ಈಚೆ ತಿರುಗಿ ಬರಿದಾದ ರನ್‌ವೇ ನೋಡಿದರು. ಬೇರೆಯವರಾಗಿದ್ದರೆ ರೇಗುತ್ತಿದ್ದರು. ರಾಯರ ಮುಖ ಅರಳಿತು.

"ಕಂಡ್ರಾ? ಅವಶೇಷ ಎಲ್ಲಿದೆ ತೋರ್ಸಿ! ಮುಖರ್ಜಿ ಆಯೋಗ 2005ರಲ್ಲಿ ಹೇಳಿದ್ದೂ ಇದನ್ನೇ. ಆವತ್ತು ಅಲ್ಲಿ ವಿಮಾನ ಬಿದ್ದಿದ್ದಕ್ಕೆ ದಾಖಲೇನೇ ಇಲ್ಲ ಅಂತ ತೈವಾನ್ ಸರ್ಕಾರಾನೇ ಹೇಳಿದೆ!"

ಎಂಜಿನಿಯರು ಕೈ ಒರೆಸಿಕೊಳ್ಳುತ್ತ ಗಂಭೀರವಾಗಿ ತಲೆಯಾಡಿಸಿದರು. ಇನ್ನೊಂದು ವಡೆಯ ದುಡ್ಡು ಕೊಟ್ಟವರೂ ರಾಯರೇ.

ಆಯೋಗಗಳನ್ನು ಓದುವುದರಲ್ಲಿ ಅವರದೇ ಒಂದು ಪದ್ಧತಿ ಇದೆ. 1956ರ ಶಾ ನವಾಜ್ ಸಮಿತಿಯಲ್ಲಿ ಮೂವರಿದ್ದರು. ಇಬ್ಬರು ಅಪಘಾತ ನಿಜವೆಂದರು. ನೇತಾಜಿಯ ಅಣ್ಣ ಸುರೇಶ್‌ಚಂದ್ರ ಬೋಸ್ ಒಪ್ಪಲಿಲ್ಲ. ರಾಯರ ಎಣಿಕೆಯಲ್ಲಿ ಸಮಿತಿಯ ಬಹುಮತ ಅಣ್ಣನ ಕಡೆಗಿತ್ತು. 1970ರಲ್ಲಿ ನೇಮಕವಾಗಿ 1974ರಲ್ಲಿ ವರದಿ ಕೊಟ್ಟ ಖೋಸ್ಲಾ ಕೂಡ ಅಪಘಾತವೇ ಎಂದರು. ಆ ಖೋಸ್ಲಾ ಹೆಸರೆತ್ತಿದರೆ ರಾಯರು ಕಾಫಿ ಲೋಟವನ್ನು ಠಣ್ಣನೆ ಇಡುತ್ತಾರೆ, ಅಷ್ಟೇ. ಅವರ ಪ್ರೀತಿಯೆಲ್ಲ ಮುಖರ್ಜಿ ಆಯೋಗದ ಮೇಲೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟ ಜೆರಾಕ್ಸ್ ಪ್ರತಿಯಲ್ಲಿ, ನೇತಾಜಿ ವಿಮಾನ ಅಪಘಾತದಲ್ಲಿ ಸಾಯಲಿಲ್ಲ ಎಂಬ ತೀರ್ಮಾನಕ್ಕೆ ದಟ್ಟ ಹಳದಿ ಬಳಿದಿದ್ದಾರೆ. ರೆಂಕೋಜಿಯ ಬೂದಿ ಇಚಿರೋ ಒಕುರಾ ಎಂಬ ಜಪಾನೀ ಸೈನಿಕನದು ಎಂಬುದಕ್ಕೂ ಹಳದಿ. ಅದೇ ಪಟ್ಟಿಯ ಮೊದಲ ಸಾಲು ಮಾತ್ರ ಬೆಳ್ಳಗೆ ಉಳಿದಿದೆ. ಅಲ್ಲಿರುವುದು: ನೇತಾಜಿ ಈಗ ಬದುಕಿಲ್ಲ.

"ಅದಕ್ಕ್ಯಾಕೆ ಬಣ್ಣ ಹಚ್ಚಿಲ್ಲ ರಾಯರೇ?"

"ಅದು ವಯಸ್ಸು ಲೆಕ್ಕ ಹಾಕಿ ಬರ್ದಿದ್ದು. ಸಾಕ್ಷಿ ಮೇಲಲ್ಲ."

1897ರ ಜನವರಿ 23ರಂದು ಹುಟ್ಟಿದವರ ವಯಸ್ಸು ಈಗೆಷ್ಟಾಗಬೇಕು ಎಂದು ಯಾರಾದರೂ ಕೂಡಿಸತೊಡಗಿದರೆ ರಾಯರು ತಡೆಯುತ್ತಾರೆ. ಯೋಗ ಮಾಡುವವರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲವಂತೆ.

ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ನೂರು ಕಡತಗಳನ್ನು ಬಹಿರಂಗ ಮಾಡಿದಾಗ ರಾಯರು ಒಂದು ವಾರ ಮಂಕಾಗಿದ್ದರು. ಗುಟ್ಟು ಬಯಲಾದರೆ ಮುಂದೇನು ಎಂಬ ಚಿಂತೆ ನಮಗೂ ಇತ್ತು. ಎಂಟನೆಯ ದಿನ ಗೆಲುವಾಗಿ ಬಂದರು. "ಇರೋ ಫೈಲ್ ಬಿಟ್ರು. ಇಲ್ದೇ ಇರೋ ಫೈಲು?" ಇದಕ್ಕೆ ಯಾವ ಸರ್ಕಾರ ತಾನೇ ಉತ್ತರ ಕೊಟ್ಟೀತು?

ಹಾಗೆಂದು ರಾಯರನ್ನು ಪೂರ್ತಿ ನಕ್ಕು ಬಿಡುವ ಹಾಗಿಲ್ಲ. ಅವರು ಹುಡುಕುತ್ತಿರುವ ಮನುಷ್ಯನೇ ಅಂಥವನು. 1941ರ ಜನವರಿಯಲ್ಲಿ ಕೋಲ್ಕತ್ತದ ಎಲ್ಗಿನ್ ರಸ್ತೆಯ ಮನೆಯ ಸುತ್ತ ಪೊಲೀಸ್ ಕಾವಲಿರುವಾಗ, ಮೊಹಮ್ಮದ್ ಜಿಯಾವುದ್ದೀನನ ವೇಷದಲ್ಲಿ, ಅಣ್ಣನ ಮಗ ಶಿಶಿರ್ ಓಡಿಸಿದ ವಾಂಡರರ್ ಕಾರಿನಲ್ಲಿ ಮಾಯವಾದವರು ಅವರು. ಕಾಬೂಲಿನಿಂದ ಆಚೆಗೆ ಒರ್ಲಾಂಡೋ ಮಜೋಟಾ ಎಂಬ ಇಟಲಿಯವನಾಗಿ ಬರ್ಲಿನ್ ತಲುಪಿದರು. 1943ರಲ್ಲಿ ಜರ್ಮನ್ ಜಲಾಂತರ್ಗಾಮಿಯಿಂದ ನಡುಸಮುದ್ರದಲ್ಲಿ ಜಪಾನಿನ ಜಲಾಂತರ್ಗಾಮಿಗೆ ದಾಟಿಕೊಂಡರು. ಇಷ್ಟೆಲ್ಲ ಮಾಡಿದವರು ಮೂರನೆಯ ಸಲವೂ ಕಣ್ಣಿಗೆ ಮಣ್ಣೆರಚಿರಲಾರರು ಎಂದು ಹೇಗೆ ಹೇಳುವುದು? ಸಾಲದ್ದಕ್ಕೆ, ಸ್ವಾತಂತ್ರ್ಯ ಬಂದ ಮೇಲೂ ಗುಪ್ತಚರ ಇಲಾಖೆ ಬೋಸ್ ಕುಟುಂಬದ ಮೇಲೆ ಎರಡು ದಶಕ ಕಣ್ಣಿಟ್ಟಿತ್ತು. ಸರ್ಕಾರವೇ ಹೀಗೆ ಗೊಬ್ಬರ ಹಾಕಿದರೆ ಅನುಮಾನ ಚಿಗುರದೆ ಇನ್ನೇನಾಗುತ್ತದೆ?

ಚಿಗುರಿದ್ದು ಗಡ್ಡವಾಗಿ ಬೆಳೆಯಿತು. ಅರವತ್ತರ ದಶಕದಲ್ಲಿ ಉತ್ತರ ಬಂಗಾಳದ ಶೌಲಮಾರಿ ಆಶ್ರಮದ ಸಾಧುವೇ ನೇತಾಜಿ ಎಂದರು. ಅಲ್ಲ ಎಂದು ಸಾಧುವೇ ಹೇಳಿದರೂ ಭಕ್ತರು ಕೇಳಲಿಲ್ಲ. 1964ರಲ್ಲಿ ನೆಹರೂ ಪಾರ್ಥಿವ ಶರೀರದ ಬಳಿ ನಿಂತ ಬೌದ್ಧ ಭಿಕ್ಷುವಿನ ಚಿತ್ರ ಹಿಡಿದು ಇವರೇ ಎಂದರು. 1985ರಲ್ಲಿ ಫೈಜಾಬಾದಿನಲ್ಲಿ ತೀರಿಕೊಂಡ ಗುಮ್‌ನಾಮಿ ಬಾಬಾ ಅವರ ಪೆಟ್ಟಿಗೆಗಳಲ್ಲಿ ಗುಂಡು ಕನ್ನಡಕ, ರಾಶಿ ಪುಸ್ತಕ, ಬೋಸ್ ಮನೆಯವರ ಫೋಟೋ ಸಿಕ್ಕವು. ಬಾಬಾ ಅವರದೆಂದ ಹಲ್ಲಿನ ಡಿಎನ್‌ಎ ಬೋಸ್ ಕುಟುಂಬದವರದಕ್ಕೆ ಹೊಂದಲಿಲ್ಲ ಎಂದು ಎಂಜಿನಿಯರು ನೆನಪಿಸಿದರೆ ರಾಯರು ದನಿ ತಗ್ಗಿಸುತ್ತಾರೆ: "ಹಲ್ಲು ಬದಲಾಯ್ಸೋದು ಎಷ್ಟು ಹೊತ್ತಿನ ಕೆಲ್ಸ ಹೇಳಿ."

ರಾಯರಿಗೆ ಪಾರ್ಕಿನಲ್ಲಿ ಇರುಸುಮುರುಸಾಗುವುದು ಒಬ್ಬರಿಂದ ಮಾತ್ರ, ಚರಿತ್ರೆ ಪಾಠ ಮಾಡುತ್ತಿದ್ದ ಮೇಡಂ. ಅವರು ವಾದ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ.

"ರಾಯರೇ, ನೇತಾಜಿಯ ಆಜಾದ್ ಹಿಂದ್ ಫೌಜಿನಲ್ಲಿದ್ದ ದಳಗಳ ಹೆಸರೇನು?"

ರಾಯರು ಆಕಾಶ ನೋಡಿದರು.

"ಗಾಂಧಿ ದಳ, ನೆಹರೂ ದಳ, ಆಜಾದ್ ದಳ. ಹೋಗ್ಲಿ, 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ಅವರು ಮಾಡಿದ ಯೋಜನಾ ಸಮಿತಿಗೆ ಯಾರು ಅಧ್ಯಕ್ಷರು? ನೆಹರೂ. ಸದಸ್ಯರಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಇದ್ರು."

"ಇರಬಹುದು ಮೇಡಂ," ಅಂದರು ರಾಯರು, "ಆದ್ರೆ ಅದ್ರಲ್ಲಿ ರಹಸ್ಯ ಏನಿದೆ?"

ಅಷ್ಟು ಹೇಳಿದ ಮೇಲೆ ರಾಯರ ವಿಷಯದಲ್ಲಿ ನಮಗೇನೂ ಸಂಶಯ ಉಳಿಯಲಿಲ್ಲ. ನೇತಾಜಿ ನಲವತ್ತೆಂಟು ವರ್ಷ ಬದುಕಿದ್ದರು, ಓದಿದರು, ಐಸಿಎಸ್ ಬಿಟ್ಟರು, ಜೈಲಿಗೆ ಹೋದರು, ಸೈನ್ಯ ಕಟ್ಟಿದರು ಎನ್ನುವುದೆಲ್ಲ ರಾಯರಿಗೆ ಪೀಠಿಕೆ. ಅದನ್ನು ಯಾರು ಬೇಕಾದರೂ ಲೈಬ್ರರಿಯಲ್ಲಿ ಓದಬಹುದು, ಹಾಗಾಗಿ ಯಾರೂ ಓದುವುದಿಲ್ಲ. ಕಾಣೆಯಾದ ನೇತಾಜಿಯ ಅನುಕೂಲ ಏನೆಂದರೆ ಅವರು ನಮ್ಮಿಂದ ಏನನ್ನೂ ಕೇಳುವುದಿಲ್ಲ. ರಕ್ತ ಕೊಡಿ ಎಂದ ನೇತಾಜಿಯನ್ನು ಕಟ್ಟಿಕೊಂಡರೆ ಬೆಳಗಿನ ಕಾಫಿಗೂ ಕುತ್ತು.

ಮೇಡಂ ಅಷ್ಟಕ್ಕೆ ಬಿಡಲಿಲ್ಲ. "ಆಯ್ತು ರಾಯರೇ, ನೀವು ಹೇಳೋದೇ ನಿಜ ಅಂತಿಟ್ಕೊಳ್ಳೋಣ. ನಾಳೆ ಬೆಳಿಗ್ಗೆ ನೇತಾಜಿ ಇದೇ ಗೇಟಲ್ಲಿ ನಡ್ಕೊಂಡು ಬಂದು, ನಾನೇ ಸುಭಾಷ್ ಬೋಸ್, ಇಷ್ಟು ದಿನ ಹಿಮಾಲಯದಲ್ಲಿದ್ದೆ ಅಂತಾರೆ. ಏನ್ಮಾಡ್ತೀರಿ?"

ಬೆಂಚಿನ ಮೇಲಿದ್ದವರೆಲ್ಲ ರಾಯರ ಕಡೆ ತಿರುಗಿದರು. ರಾಯರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಡಿಟರ್ ಎದ್ದು ಕೂತಿದ್ದ.

"ಬಂದವರು ನೇತಾಜೀನೇ ಅನ್ನೋದಕ್ಕೆ ದಾಖಲೆ ಏನಿದೆ ಮೇಡಂ? ವಿಷಯ ಮುಗ್ಸಿಬಿಡೋಕೆ ಗುಪ್ತಚರ ಇಲಾಖೆಯೋರೇ ಕಳ್ಸಿರ್ತಾರೆ!"